ಮುಂದಿನ ಪುಟ

ಹೆಂಡತಿ ಓದುತ್ತಲೇ ಇದ್ದಳು. ಕಟ್ಟಿನಿಂದ ಒಂದೊಂದೇ ಹಾಳೆ ಎತ್ತಿ, ಹಾಜರಿ ಕೂಗುವ ಮೇಷ್ಟರಂತೆ ಏರಿಳಿತವಿಲ್ಲದ ದನಿಯಲ್ಲಿ ಒಪ್ಪಿಸುತ್ತಿದ್ದಳು.

“ಬಟನ್ನಿನ ಬಣ್ಣ ಬದಲಾಯಿಸಿದೆ. ಬಟನ್ನಿನ ಹಳೇ ಬಣ್ಣ ವಾಪಸ್ ಹಾಕಿದೆ. ಬಟನ್ನೇ ತೆಗೆದೆ.”

“ಸಾಕು ಕಣೇ, ನಿಲ್ಸು!”

“ನಿಲ್ಲಿಸ್ಬೇಕು ಅಂತ ನೀವು ಬರೆದಿಲ್ಲ.”

ನೀವು! ಗಂಡನಿಗೆ ಮತ್ತೆ ಅದೇ ಪೆಟ್ಟು. ಮದುವೆಯಾದಾಗಿನಿಂದ ‘ನೀನು’ ಎನ್ನುತ್ತಿದ್ದವಳು ಬೆಳಿಗ್ಗೆಯಿಂದ ‘ನೀವು’ ಎನ್ನುತ್ತಿದ್ದಳು. ಕಾರಣ ಅವನಿಗೆ ಗೊತ್ತಿರಲಿಲ್ಲ. ಕೇಳಿದರೆ ‘ಏನಿಲ್ಲ’ ಎನ್ನುತ್ತಿದ್ದಳು. ಆ ‘ಏನಿಲ್ಲ’ದೊಳಗೆ ಏನೇನೋ ಇತ್ತು.

ಗಂಡನಿಗೆ ‘ಕೈಪಿಡಿ’ ಎಂದು ಹೆಸರಿಟ್ಟವರು ಆಫೀಸಿನವರು. ಸಾಫ್ಟ್‌ವೇರ್ ಬಳಸುವುದು ಹೇಗೆಂದು ಬರೆದು ತಿಳಿಸುವುದೇ ಅವನ ಉದ್ಯೋಗ. ಪ್ರೋಗ್ರಾಮಿನಲ್ಲಿ ಯಾರೇ ಏನೇ ಬದಲಾಯಿಸಿದರೂ ಯಾರು, ಯಾವಾಗ, ಯಾಕೆ ಎಂಬ ಟಿಪ್ಪಣಿಯೊಂದಿಗೆ ಅದು ದಾಖಲಾಗುತ್ತದೆ. ಅದಕ್ಕೆ ಕಮಿಟ್ ಎನ್ನುತ್ತಾರೆ. ಕಮಿಟ್‌ಗಳನ್ನು ಪಟ್ಟಿ ಮಾಡಿಕೊಡುವ ಹೊಸ ಟೂಲ್ ಒಂದಕ್ಕೆ ಅವನು ವಿವರಣೆಯ ಪುಟ ಬರೆಯಬೇಕಿತ್ತು. ಓದುವುದು ಮನುಷ್ಯರಲ್ಲ, ತಾನೇ ಟೂಲ್ ಬಳಸಿ ಕೆಲಸ ಮಾಡುವ ಎಐ ಏಜೆಂಟ್. ಮನುಷ್ಯರಾದರೆ ಅರ್ಧ ಓದಿ ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ. ಏಜೆಂಟ್ ಬರೆದಷ್ಟೇ ಮಾಡುತ್ತದೆ. ಆದ್ದರಿಂದ ಪುಟ ಕಳಿಸುವ ಮುಂಚೆ ಯಾರಾದರೂ ಏಜೆಂಟ್ ಆಗಿ ಕೂತು ಅದರಲ್ಲಿದ್ದಷ್ಟನ್ನೇ ಮಾಡಿ ತೋರಿಸಬೇಕು ಎಂಬುದು ಅವರ ಆಫೀಸಿನ ಪದ್ಧತಿ. ಇವತ್ತು ಮನೆಯಿಂದ ಕೆಲಸ. ಸಿಕ್ಕವಳು ಹೆಂಡತಿ. ಹಳೇ ಕಮಿಟ್‌ಗಳನ್ನು ಅಚ್ಚು ಹಾಕಿ ಕಟ್ಟು ಅವಳ ಕೈಗಿಟ್ಟಿದ್ದ.

“ಏಜೆಂಟ್ ಆಗ್ತೀನಿ. ಮಾತು ಬಿಟ್ಟಿದ್ದು ಸರಿಹೋಯ್ತು ಅಂತ ತಿಳ್ಕೋಬೇಡಿ,” ಎಂದು ಷರತ್ತು ಹಾಕಿಯೇ ಕೂತಿದ್ದಳು. ಮುನಿಸಿಕೊಂಡ ಹೆಂಡತಿಗಿಂತ ಒಳ್ಳೆಯ ಏಜೆಂಟ್ ಎಲ್ಲಿ ಸಿಗಬೇಕು? ಕೇಳಿದಷ್ಟಕ್ಕೇ ಉತ್ತರ, ಒಂದಕ್ಷರ ಹೆಚ್ಚಿಲ್ಲ.

ಕೈಪಿಡಿ ಪುಟ ತಿದ್ದಿದ: ‘ಹೊಸದು ಮೊದಲು. ಒಂದು ಸಲಕ್ಕೆ ಹತ್ತು ಮಾತ್ರ. ಇನ್ನೂ ಇದ್ದರೆ, ಮುಂದಿನ ಪುಟ ಬೇಕೇ ಎಂದು ಕೇಳಬೇಕು.’

ಅಷ್ಟರಲ್ಲಿ ಎದುರು ಮನೆಯ, ಮಹಡಿಗೆಲ್ಲ ‘ಮಾವ’ ಆದ ಹಿರಿಯರು ಬಾಗಿಲಲ್ಲಿ ಪ್ರತ್ಯಕ್ಷರಾದರು. ಬಸ್ ಕಂಡಕ್ಟರಾಗಿ ನಿವೃತ್ತರಾದ ಮೇಲೆ ಅವರಿಗೆ ವಿಚಾರಿಸಿಕೊಳ್ಳಲು ಈ ಮಹಡಿಯ ಮನೆಗಳಷ್ಟೇ ಉಳಿದಿದ್ದವು.

“ಯಾಕಪ್ಪಾ, ಅವಳು ನಿಂಗೆ ಬಹುವಚನ ಹಾಕ್ತಿದ್ದಾಳೆ?” ಎಂದು ಪಿಸುಗುಟ್ಟಿದರು.

“ಅದೇ ಗೊತ್ತಾಗ್ತಿಲ್ಲ ಮಾವ.”

“ಪೆದ್ದ! ಅವಳು ಏಜೆಂಟ್ ಆಗಿರೋದು ನಂಗೂ ಕೇಳಿಸ್ತು. ಈಗ ನೀನು ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಡ್ಲೇಬೇಕಲ್ಲ? ಈ ನೆಪದಲ್ಲೇ ಕೇಳಿಬಿಡು.”

ಕೈಪಿಡಿಗೆ ತಲೆಯೊಳಗೆ ದೀಪ ಹತ್ತಿದಂತಾಯಿತು. ಗಂಟಲು ಸರಿಮಾಡಿಕೊಂಡು, “ಈ ಮನೇನೇ ಪ್ರೋಗ್ರಾಂ ಅಂದ್ಕೋ. ಗಂಡ ಮಾಡಿರೋ ಬದಲಾವಣೆಗಳ ಪಟ್ಟಿ ಕೊಡು,” ಎಂದ.

ಅವಳು ಪುಟವನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು.

“ಒಂದು. ಇವತ್ತು ಬೆಳಿಗ್ಗೆ. ಒದ್ದೆ ಟವೆಲ್ ನನ್ನ ದಿಂಬಿನ ಮೇಲೆ. ಮಾಡಿದೋರು: ಗಂಡ. ಯಾಕೆ: ಬರೆದಿಲ್ಲ. ಎರಡು. ನಿನ್ನೆ. ಉಪ್ಪಿನ ಡಬ್ಬಿ ಫ್ರಿಜ್ಜಿನೊಳಗೆ. ಯಾಕೆ: ಫೋನಲ್ಲಿ ಮಾತಾಡ್ತಿದ್ರು.”

“ಉಪ್ಪು ಫ್ರಿಜ್ಜಿಗೆ ಯಾಕಯ್ಯಾ?” ಎಂದರು ಮಾವ. ಅವರ ಹಿಂದೆ ಅವರ ಹೆಂಡತಿ ‘ಅತ್ತೆ’ಯೂ ಬಂದು ನಿಂತಿದ್ದರು. “ಸುಮ್ನಿರಿ, ನಿಮ್ಮ ಪಟ್ಟಿ ತೆಗೆದ್ರೆ ಇವತ್ತಿಗೆ ಮುಗಿಯಲ್ಲ,” ಎಂದರು.

ಪಟ್ಟಿ ಸಾಗಿತು. ಕೈಪಿಡಿ ಕುರ್ಚಿಯಲ್ಲೇ ಒಣಗಿದ ನಿಂಬೆಹಣ್ಣಿನಂತೆ ಕುಗ್ಗಿದ.

“ಹತ್ತು. ಹೋದ ವಾರ. ಕಿಟಕಿ ಹತ್ರ ಇದ್ದ ನನ್ನ ಕುರ್ಚಿ ಮೂಲೆಗೆ. ಅಲ್ಲಿಗೆ ಅವರ ಮೇಜು. ಯಾಕೆ: ಅವರಿಗೆ ಬೆಳಕು ಬೇಕಂತೆ.” ದನಿ ಅಲ್ಲೊಂದು ಚೂರು ಇಳಿಯಿತು. “ಇನ್ನೂ ಇದೆ. ಮುಂದಿನ ಪುಟ ಬೇಕಾ?”

“ಬೇಡ! ಗೊತ್ತಾಯ್ತು!” ಕೈಪಿಡಿ ಚಂಗನೆ ಎದ್ದ. “ಮಾವ, ಮೇಜಿಗೆ ಕೈ ಹಾಕಿ!”

ಮಾವ ಕೈ ಹಾಕಲಿಲ್ಲ, ಬಾಯಿ ಹಾಕಿದರು. “ರೈಟ್, ರೈಟ್... ಹೋಲ್ಡಾನ್! ಹಿಂದೆ ಬಾ, ಇನ್ನೂ ಬಾ...” ವೈರು ಕಾಲಿಗೆ ಸುತ್ತಿಕೊಂಡಿತು. ಮೇಜಿನ ಮೇಲಿದ್ದ ಕಾಫಿ ಲೋಟ ಅವನ ಪ್ಯಾಂಟಿನ ಮೇಲೆ ಮಗುಚಿತು. ಮೇಜು ನಡುಮನೆ ದಾಟಿ, ಬಚ್ಚಲುಮನೆಯ ಬಾಗಿಲಿಗೆ ಹೋಗಿ ಕಚ್ಚಿಕೊಂಡಿತು. ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಅದೇ ಹೊತ್ತಿಗೆ ಮ್ಯಾನೇಜರ್ ಫೋನು: “ಐದಾಗ್ತಾ ಬಂತು, ಪುಟ ಎಲ್ಲಯ್ಯಾ?” ಕೈಪಿಡಿ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತೇ ಪುಟ ಕಳಿಸಿದ. ಆಮೇಲೆ ಅವಳ ಕುರ್ಚಿಯನ್ನು ಎತ್ತಿ ತಂದು, ಅಂಗಿಯ ತೋಳಿನಿಂದಲೇ ಧೂಳೊರೆಸಿ, ಕಿಟಕಿಯ ಪಕ್ಕ ಇಟ್ಟ.

ಮಾವ, ಅತ್ತೆ ತಮ್ಮ ಕರ್ತವ್ಯ ಮುಗಿಯಿತೆಂಬಂತೆ ಹೊರಟರು. ಹೆಂಡತಿ ಬಂದು ಕೂತಳು. ಸಂಜೆಬಿಸಿಲು ಅವಳ ಮಡಿಲಿಗೆ ಬಿತ್ತು.

“ಕಾಫಿ ಬಿಸಿ ಇತ್ತು. ಸುಡ್ಲಿಲ್ಲ ತಾನೆ ನಿಂಗೆ?”

ನಿಂಗೆ! ಕೈಪಿಡಿಗೆ ಸುಟ್ಟ ತೊಡೆಯೂ ತಂಪಾಯಿತು.

“ಅಂದ್ರೆ, ಕುರ್ಚಿಗೇ ಅಲ್ವಾ ಇಷ್ಟು ಕೋಪ?”

“ಅಲ್ಲ.”

“ಮತ್ತೆ? ಟವೆಲ್ಲಾ? ಉಪ್ಪಾ?”

“ಕೋಪ ಹೊಸದು, ಕಾರಣ ಹಳೇದು. ಅದು ಹನ್ನೊಂದನೇದು. ನೀನೇ ಹತ್ತಕ್ಕೆ ನಿಲ್ಲಿಸ್ಬೇಕು ಅಂತ ಬರೆದೆ. ಮುಂದಿನ ಪುಟ ಬೇಕಾ ಅಂದ್ರೆ ಬೇಡ ಅಂದೆ.”

“ಈಗ ಬೇಕು! ಹೇಳು!”

“ಪುಟ ಕಳಿಸಿ ಆಯ್ತಲ್ಲ. ನಾನೀಗ ಏಜೆಂಟ್ ಅಲ್ಲ.”

ಕೈಪಿಡಿ ಕುರ್ಚಿಯ ಪಕ್ಕ ನೆಲದ ಮೇಲೆ ಕುಕ್ಕರಿಸಿದ. “ಹಾಗಾದ್ರೆ ನಾನೇ ನಿಂಗೆ ಏಜೆಂಟ್ ಆಗ್ತೀನಿ. ನೀನು ಹೇಳಿದಷ್ಟನ್ನ ಚಾಚೂ ತಪ್ಪದೆ ಮಾಡ್ತೀನಿ. ಆಗ್ಬಹುದಾ?”

ಅವಳು ಬಗ್ಗಿ ಅವನ ತೋಳಿಗೆ ಮೆತ್ತಿದ್ದ ಧೂಳನ್ನು ಕೊಡವಿದಳು.

“ಹೇಳಿದಷ್ಟೇ ಮಾಡೋ ಗಂಡ ನಂಗೆ ಬೇಡ.”