ಅಪ್ಪನ ಎಡಗೈ, ಮಾನಿಟರಿನ ಕೆನ್ನೆ

ಅಂಗಡಿಯಿಂದ ತಂದ ವಸ್ತು ಕೆಟ್ಟರೆ ಅಂಗಡಿಯವನನ್ನು ಬಯ್ಯಬಹುದು. ನಾವೇ ಜೋಡಿಸಿದ ವಸ್ತು ಕೆಟ್ಟರೆ ಬಯ್ಯಲು ನಾವೇ ಸಿಗುತ್ತೇವೆ. ಅಪ್ಪ-ಅವ್ವನಿಗಾಗಿ ನಾನೇ ಅಗ್ಗದ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿ, ಕೊನೆಯ ತಿರುಪು ಬಿಗಿದ ಮೇಲೆ ನನಗೆ ಇದು ಹೊಳೆಯಿತು. ನಾನು ತಾರೀಖು ಹಾಕಿ ದಿನಚರಿ ಬರೆಯುವವನು. ಆ ವಾರದ ಪುಟಗಳಲ್ಲಿ ಮಾಡಿದ ಕೆಲಸಗಳಿಗಿಂತ ಪಟ್ಟ ಭಯಗಳೇ ಹೆಚ್ಚು ಜಾಗ ಹಿಡಿದಿವೆ.

ಅಪ್ಪ ಅಫಜಲಪುರದ ಕಚೇರಿ ಎದುರು ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಜನರ ಅರ್ಜಿ ಟೈಪ್ ಮಾಡಿಕೊಡುತ್ತಿದ್ದರು. ರಿಬ್ಬನ್ ಸಿಗುವುದು ನಿಂತಿತು. ಜನರೂ "ಕಂಪ್ಯೂಟರ್ ಪ್ರಿಂಟೇ ಬೇಕ್ರಿ" ಎನ್ನತೊಡಗಿದರು. ಅಪ್ಪ ಮನೆಯಲ್ಲಿ ಕೂತು, ಅವ್ವ ರೊಟ್ಟಿ ಬಡಿಯುವುದರಲ್ಲಿ ತಪ್ಪು ಹುಡುಕುವ ಕೆಲಸ ಹಿಡಿದರು. "ಇವ್ರಿಗೊಂದು ಕೆಲಸ ಹಚ್ಚಪ. ಇಲ್ಲಾಂದ್ರ ನಾ ಹಿರೋಳ್ಳಿಗೆ ಹೋಗ್ತೇನಿ," ಎಂದಳು ಅವ್ವ. ಹಿರೋಳ್ಳಿಯ ತವರುಮನೆಯಲ್ಲಿ ಈಗ ಯಾರೂ ಇಲ್ಲ. ಬೆದರಿಕೆ ಅದರಿಂದಲೇ ಇನ್ನಷ್ಟು ಗಂಭೀರವಾಗಿ ಕೇಳಿಸಿತು.

ಹಾಗಾಗಿ ಕಂಪ್ಯೂಟರ್ ಜೋಡಿಸಲು ಹೊರಟೆ. ಪ್ರೊಸೆಸರ್‌ಗೆ ಒಂದಿಷ್ಟು ಕೈ ಬಿಚ್ಚಿ ಖರ್ಚು ಮಾಡಿದೆ, ಮಾನಿಟರ್‌ಗೆ ಬಂದಾಗ ಕೈ ಬಿಗಿಹಿಡಿದೆ. ಕಲಬುರಗಿಯಲ್ಲಿ ಸಿಕ್ಕ ಹಳೆಯ ಮಾನಿಟರ್ ಕೊಕ್ಕರೆಯಂತೆ ತೆಳ್ಳನೆಯ ಒಂಟಿ ಕಾಲಿನ ಮೇಲೆ ನಿಂತಿತ್ತು. ಮೊದಲ ಸಲ ಗುಂಡಿ ಒತ್ತುವಾಗ ನಾನು ಕಣ್ಣು ಮುಚ್ಚಿದ್ದೆ. ಅವ್ವ ಬಾಗಿಲಾಚೆ ನಿಂತು, "ಚಪ್ಪಲಿ ಹಾಕ್ಕೊಂಡು ಒತ್ತಲೇ, ಕರೆಂಟ್ ಹೊಡದೀತು!" ಎಂದು ಕೂಗಿದಳು. ಹೊಗೆ ಬರಲಿಲ್ಲ. ಪರದೆ ಬೆಳಗಿತು.

ಅಪ್ಪ ಟೈಪ್ ಮಾಡಲು ಕೂತರು. ಸುತ್ತಿಗೆಯಂಥ ಬೆರಳುಗಳನ್ನು ಕೀಬೋರ್ಡ್ ಹೇಗೋ ತಾಳಿಕೊಂಡಿತು. ಆದರೆ ಟೈಪ್‌ರೈಟರಿನಲ್ಲಿ ಸಾಲು ಮುಗಿದಾಗಲೆಲ್ಲ ಎಡಗಡೆಯ ಹಿಡಿಯನ್ನು ಬಲಕ್ಕೆ ತಳ್ಳಬೇಕು. ಆಯುಷ್ಯವಿಡೀ ತಳ್ಳಿದ ಎಡಗೈ ಈಗಲೂ ಎದ್ದಿತು. ಮಾನಿಟರಿನ ಕೆನ್ನೆಗೆ ಬಿತ್ತು. ಕೊಕ್ಕರೆ ತೂಗಾಡಿತು.

"ಅಪ್ಪಾ, ಹೊಡೀಬ್ಯಾಡ್ರಿ!"

"ನಾ ಎಲ್ಲಿ ಹೊಡದೆ? ಸಾಲು ಮುಗೀತಲ್ಲ!"

"ಸಾಲು ತಾನೇ ಕೆಳಗ ಹೋಗ್ತದ್ರಿ."

"ನಾ ಕಳಿಸಲಾರ್ದ ಹ್ಯಾಂಗ ಹೋಗ್ತದ?"

ಅಂದಿನಿಂದ ನಾನು ಮಾನಿಟರಿನ ಬಲಗಡೆ ವಿಕೆಟ್ ಕೀಪರನಂತೆ ಕೈಯೊಡ್ಡಿ ಕೂರತೊಡಗಿದೆ. ಸಾಲು ಅಂಚಿಗೆ ಬಂದಂತೆಲ್ಲ ನಾನು ಹಲ್ಲು ಕಚ್ಚಿ ಮುಂದೆ ಬಾಗುತ್ತಿದ್ದೆ. ಅಪ್ಪ ಒಮ್ಮೆ ಪರದೆಯನ್ನೂ ಒಮ್ಮೆ ನನ್ನ ಮುಖವನ್ನೂ ನೋಡುತ್ತಿದ್ದರು. ಆಮೇಲೊಂದು ದಿನ "ಬೆನ್ನು ನೋಯಾಕತ್ತದ" ಎಂದು ಎದ್ದುಹೋದವರು ಮತ್ತೆ ಕೂರಲಿಲ್ಲ. ಮಾನಿಟರ್ ಬಿದ್ದೀತೆಂಬ ಭಯ ಹೋಗಿ, ಅಪ್ಪ ಇನ್ನು ಕೆಲಸಕ್ಕೇ ಕೂರಲಿಕ್ಕಿಲ್ಲವೆಂಬ ದೊಡ್ಡ ಭಯ ಹತ್ತಿತು.

ಒಂದು ಮಧ್ಯಾಹ್ನ ಸಂತೆಯಿಂದ ಬೇಗ ಮರಳಿದೆ. ಒಳಗೆ ಟಕಟಕ ಸದ್ದು. ಅಪ್ಪನ ಹಳೇ ಗಿರಾಕಿ, ಗಾಣಗಾಪುರದ ಕಾಯಿ ಅಂಗಡಿಯ ಶರಣಪ್ಪ ಕಾಕಾ ಅರ್ಜಿ ಬರೆಸಲು ಬಂದಿದ್ದರು.

"ಏನ್ರಿ ಮಾಸ್ತರ, ಕೆಲಸ ಬಿಟ್ಟೀರಿ ಅಂದ್ರು?"

"ಬಿಟ್ಟಿಲ್ಲೋ ಮಾರಾಯ. ಹುಡುಗ ಹೊರಗ ಹೋದಾಗ ಮಾಡ್ತೇನಿ. ಮಷೀನ್ ಗಟ್ಟಿ ಅದ, ನಮ್ಮ ಹುಡುಗನ ಎದಿ ಗಟ್ಟಿ ಇಲ್ಲ."

"ಅವನ ಮುಂದ ಅನಬ್ಯಾಡ್ರಿ, ಪಾಪ," ಎಂದಿತು ಅವ್ವನ ದನಿ.

ಕಿಟಕಿಯಲ್ಲಿ ಇಣುಕಿದೆ. ಅವ್ವ ನನ್ನ ಜಾಗದಲ್ಲಿ ನಿಂತು, ಒಂದು ಕೈಯಲ್ಲಿ ಮಾನಿಟರ್ ಆನಿಸಿ ಹಿಡಿದು, ಇನ್ನೊಂದರಲ್ಲಿ ಚಹಾ ಕುಡಿಯುತ್ತಿದ್ದಳು. ಅಪ್ಪನ ಕೈ ಫಟ್ಟನೆ ಬಿತ್ತು. ಅವಳ ಚಹಾ ತುಳುಕಲೂ ಇಲ್ಲ.

ಈಗ ನಾನು ದಿನಾ ಮಧ್ಯಾಹ್ನ ಇಲ್ಲದ ಕೆಲಸ ಹೇಳಿಕೊಂಡು ಸುಡುಬಿಸಿಲಲ್ಲಿ ಓಣಿ ಸುತ್ತುತ್ತೇನೆ. ಓಣಿಯ ತುದಿಯವರೆಗೂ ಆ ಪೆಟ್ಟು ಕೇಳಿಸುತ್ತದೆ. ಪ್ರತಿ ಸಾಲಿಗೂ ಎದೆ ಧಸಕ್ಕೆನ್ನುತ್ತದೆ. ಸದ್ದು ನಿಂತರೆ ಮಾತ್ರ ಇನ್ನೂ ಹೆಚ್ಚು ಹೆದರಿಕೆಯಾಗುತ್ತದೆ.