ಪಾಠ ನಿಲ್ಲಿಸದೆ ಪಾಠ ಕಲಿಯುವ ಬಗ್ಗೆ

ಸಂಖ್ಯೆ: ಶಿ.ವೃ.ಉ/ತರಬೇತಿ/ಅಡ್ಡಿ-ಆತಂಕ/04/ಒಂಬತ್ತನೇ ತಿದ್ದುಪಡಿ

ಸುತ್ತೋಲೆ

ವಿಷಯ: ಶಿಕ್ಷಕರು ಶಾಲೆಯ ಯಾವುದೇ ಕೆಲಸಕ್ಕೆ ಕುಂದು ಬಾರದಂತೆ ಐವತ್ತು ಗಂಟೆಗಳ ‘ಸಮಯ ನಿರ್ವಹಣೆ’ ತರಬೇತಿಯನ್ನು ಮುಗಿಸುವ ಕುರಿತು, ಹಾಗೂ ಒಬ್ಬರು ಅದನ್ನು ಮುಗಿಸಿಯೇಬಿಟ್ಟಿರುವ ಕುರಿತು.

ಉಲ್ಲೇಖ: 1) ತರಬೇತಿ ಮುಗಿಸದವರನ್ನು ತರಗತಿಯಿಂದ ಬಿಡಿಸಿ ಪುಸ್ತಕ ಗೋದಾಮಿನ ಎಣಿಕೆ ಕೆಲಸಕ್ಕೆ ಹಾಕುವ ಆದೇಶ.
2) ತರಬೇತಿ ನಡೆಯುತ್ತಿರುವಾಗ ಯಾರನ್ನೂ ಎಲ್ಲಿಗೂ ವರ್ಗಾಯಿಸಬಾರದೆಂಬ ಆದೇಶ.
3) ವಿಚಾರಣಾಧಿಕಾರಿಯವರ ವರದಿ (ಒಂದೇ ಪುಟ, ಅಷ್ಟರಲ್ಲಿ ಗಂಟೆ ಹೊಡೆದ ಕಾರಣ).

ಪ್ರಸ್ತಾವನೆ:

ಆರು ಕೊಠಡಿಗಳ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಗಣಿತ ಹೇಳುವ, ಮಕ್ಕಳ ಬಾಯಲ್ಲಿ ‘ಭಿನ್ನರಾಶಿ ಮೇಡಂ’ ಎನಿಸಿಕೊಂಡಿರುವ ಶಿಕ್ಷಕಿಯವರು ಸದರಿ ತರಬೇತಿಯನ್ನು ಕಂಪ್ಯೂಟರಿನ ಮೂಲಕ ಪಡೆಯಲು ಹನ್ನೊಂದು ಬಾರಿ ಕುಳಿತು, ಹನ್ನೊಂದು ಬಾರಿಯೂ ಮಧ್ಯದಲ್ಲೇ ಎದ್ದು ಹೋಗಿರುವುದು ಕಂಡುಬಂದಿರುತ್ತದೆ. ಸದರಿ ತರಬೇತಿಯು ಪ್ರತಿ ಏಳು ನಿಮಿಷಕ್ಕೊಮ್ಮೆ ‘ನೀವು ಇದ್ದೀರಾ?’ ಎಂದು ಕೇಳುತ್ತದೆ. ಅರ್ಧ ನಿಮಿಷದೊಳಗೆ ಹಸಿರು ಗುಂಡಿ ಒತ್ತದಿದ್ದಲ್ಲಿ ಮೊದಲಿಗೆ ಹೋಗಿ ‘ಸ್ವಾಗತ’ ಎನ್ನುತ್ತದೆ. ಕಂಪ್ಯೂಟರು ಕೆಳಗೆ ಶಿಕ್ಷಕರ ಕೊಠಡಿಯಲ್ಲಿದೆ. ಏಳನೇ ತರಗತಿ ಮಹಡಿಯ ಮೇಲಿದೆ.

ಹೀಗಿರುವಲ್ಲಿ, ಹನ್ನೆರಡನೇ ಬಾರಿಗೆ ಸದರಿ ಶಿಕ್ಷಕಿಯವರು ಐವತ್ತು ಗಂಟೆಗಳನ್ನೂ ಮುಗಿಸಿ, ಗುಂಡಿಯನ್ನು ನಾನೂರ ಇಪ್ಪತ್ತೆಂಟು ಬಾರಿ ಒಂದೂ ತಪ್ಪದಂತೆ ಒತ್ತಿ, ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೆಂಟು ಅಂಕ ಪಡೆದರು. ಇಲಾಖೆಯ ಇತಿಹಾಸದಲ್ಲಿ ಯಾರೂ ಇಷ್ಟು ಹೊತ್ತು ಎಚ್ಚರವಾಗಿದ್ದ ದಾಖಲೆ ಇಲ್ಲದಿರುವುದರಿಂದ ಸಂಶಯ ಪಡಲಾಯಿತು. ಉತ್ತರಗಳನ್ನು ತೆಗೆದು ನೋಡಲಾಗಿ, ‘ಕಲಿಯಲು ಬೇಕಾದ ಸಮಯವನ್ನು ಶಿಕ್ಷಕರು ಎಲ್ಲಿಂದ ಪಡೆಯಬೇಕು?’ ಎಂಬ ಹದಿನೇಳನೇ ಪ್ರಶ್ನೆಗೆ ‘ಗಂಟೆ ಹೊಡೆಯುವವನನ್ನು ಕೇಳಿದರೆ ಕೊಡುತ್ತಾನೆ’ ಎಂದು ಬರೆದಿರುವುದು ಬೆಳಕಿಗೆ ಬಂದಿತು.

ವಿಚಾರಣಾಧಿಕಾರಿಯವರು ಶಾಲೆಗೆ ದಿಢೀರ್ ಭೇಟಿ ನೀಡಿದರು. ನಾಲ್ಕನೇ ತರಗತಿಯ ಶಿಕ್ಷಕರು ತರಬೇತಿಗೆ ಹೋಗಿದ್ದ ಕಾರಣ ಮುಖ್ಯ ಶಿಕ್ಷಕರು ಅವರ ಕೈಗೆ ಸೀಮೆಸುಣ್ಣ ಕೊಟ್ಟು ಒಳಗೆ ಕಳಿಸಿದರು. ಹದಿಮೂರರ ಮಗ್ಗಿ ಮುಗಿದ ಮೇಲಷ್ಟೇ ವಿಚಾರಣೆಗೆ ಬಿಡುವಾಯಿತು. ಶಾಲೆಯ ಗಂಟೆ ಹೊಡೆಯುವ, ಎಲ್ಲರೂ ‘ಗಂಟೆಯಣ್ಣ’ ಎಂದು ಕರೆಯುವ ಅಟೆಂಡರು ನೀಡಿದ ಹೇಳಿಕೆ ಇದ್ದದ್ದು ಇದ್ದಂತೆಯೇ ಈ ಕೆಳಗಿನಂತಿದೆ:

‘ಮೇಡಂ ಏಳು ನಿಮಿಷಕ್ಕೊಂದ್ಸಲ ಮಹಡಿಯಿಂದ ಓಡ್ಕೊಂಡು ಬರ್ತಿದ್ರು ಸಾರ್. ಎರಡು ಸಲ ಮೆಟ್ಟಿಲ ಮೇಲೆ ಮುಗ್ಗರಿಸಿದ್ರು. ನಾನು ಹೇಗೂ ಗಡಿಯಾರ ನೋಡ್ಕೊಂಡೇ ಕೂತಿರ್ತೀನಲ್ಲ, ನೀವು ಪಾಠ ಮಾಡ್ಹೋಗಿ ಮೇಡಂ, ಗುಂಡಿ ನಾನು ಒತ್ತುತ್ತೀನಿ ಅಂದೆ. ಆಮೇಲೆ ಅದು ತಾನಾಗೇ ಪರೀಕ್ಷೆ ಶುರು ಮಾಡ್ಬಿಡ್ತು. ಮೇಡಂನ ಕರೆಯೋಕೆ ಹೋದ್ರೆ ಮೂರನೇ ಪೀರಿಯಡ್ಡಿನ ಗಂಟೆ ತಪ್ಪುತ್ತೆ. ನಾನೇ ಬರೆದೆ. ಎರಡು ಅಂಕ ಎಲ್ಲಿ ಹೋಯ್ತು ಅಂತ ಸ್ವಲ್ಪ ನೋಡಿ ಹೇಳ್ತೀರಾ ಸಾರ್?’

ಶಿಕ್ಷಕಿಯವರ ಹೇಳಿಕೆ:

‘ತಪ್ಪು ನನ್ನದೇ ಸಾರ್. ಆದ್ರೆ ಭಿನ್ನರಾಶಿ ಅರ್ಧಕ್ಕೆ ಬಿಟ್ಟು ಬಂದ್ರೆ ಮಕ್ಕಳು ಅದನ್ನೇ ಉತ್ತರ ಅಂದ್ಕೊಂಡ್ಬಿಡ್ತಾರೆ. ಐದನೇ ಕ್ಲಾಸಿಂದ ಇವರನ್ನ ಕೈಹಿಡಿದು ಕರ್ಕೊಂಡು ಬಂದಿದೀನಿ. ಪರೀಕ್ಷೆಗೆ ಇನ್ನು ಆರು ವಾರ. ಈಗ ನನ್ನನ್ನ ಗೋದಾಮಿಗೆ ಹಾಕಿದ್ರೆ ಅಲ್ಲಿ ನಾನು ಪುಸ್ತಕ ಎಣಿಸ್ತೀನಿ, ಇಲ್ಲಿ ಅವರು ಬೆರಳು ಎಣಿಸ್ತಾರೆ.’

ಮೇಲ್ಕಂಡ ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ಮುಂದೆ ಇಂತಹ ಉತ್ತಮ ಫಲಿತಾಂಶ ಮರುಕಳಿಸದಂತೆ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ.

1. ತರಬೇತಿಯನ್ನು ಪಾಠದ ವೇಳೆಯಲ್ಲಿ ಪಡೆಯತಕ್ಕದ್ದಲ್ಲ. ಊಟದ ವೇಳೆ ಮಕ್ಕಳ ಮೇಲೆ ಕಣ್ಣಿಡಲು, ಸಂಜೆಯ ವೇಳೆ ಹಾಜರಿ ಪುಸ್ತಕ ತುಂಬಲು ಮೀಸಲಾಗಿದೆ. ರಜಾದಿನಗಳಲ್ಲಿ ಕಡ್ಡಾಯವಾಗಿ ವಿಶ್ರಾಂತಿ ಪಡೆದು, ಪಡೆದ ವಿಶ್ರಾಂತಿಯ ಬಗ್ಗೆ ಮೂರು ಪ್ರತಿಗಳಲ್ಲಿ ವರದಿ ಸಲ್ಲಿಸತಕ್ಕದ್ದು. ಉಳಿದ ಸಮಯವೆಲ್ಲ ತರಬೇತಿಗೆ ಮುಕ್ತವಾಗಿರುತ್ತದೆ.

2. ಸದರಿ ಉಳಿದ ಸಮಯವನ್ನು ಲೆಕ್ಕ ಹಾಕಲಾಗಿ, ಒಂದು ಕೊಠಡಿಯಿಂದ ಇನ್ನೊಂದಕ್ಕೆ ನಡೆಯುವ ನಲವತ್ತೆಂಟು ಸೆಕೆಂಡುಗಳಂತೆ ದಿನಕ್ಕೆ ಐದು ಬಾರಿ, ಅಂದರೆ ಒಟ್ಟು ನಾಲ್ಕು ನಿಮಿಷ ದೊರೆತಿದೆ. ಈ ಪ್ರಕಾರ ಐವತ್ತು ಗಂಟೆಗಳಿಗೆ ಏಳುನೂರ ಐವತ್ತು ಶಾಲಾ ದಿನಗಳು ಬೇಕಾಗುತ್ತವೆ. ಆದ್ದರಿಂದ ಎಲ್ಲರೂ ಈ ತಿಂಗಳ ಕೊನೆಯೊಳಗೆ ಮುಗಿಸತಕ್ಕದ್ದು.

3. ನಡೆಯುವಾಗ ಕಂಪ್ಯೂಟರನ್ನು ಪರದೆ ಹೊರಮುಖವಾಗಿರುವಂತೆ ಎದೆಗೆ ಅವಚಿಕೊಂಡಿರಬೇಕು. ಎದುರಿಗೆ ಬರುವ ಶಿಕ್ಷಕರಿಗೂ ಇದರಿಂದ ತರಬೇತಿಯಾಗುತ್ತದೆ. ಇಬ್ಬರು ಡಿಕ್ಕಿ ಹೊಡೆದಲ್ಲಿ ಅದನ್ನು ‘ಗುಂಪು ಚಟುವಟಿಕೆ’ ಎಂದು ನಮೂದಿಸುವುದು. ಮೆಟ್ಟಿಲು ಹತ್ತುತ್ತಾ ಕಲಿತದ್ದು ಉನ್ನತ ಹಂತ. ಇಳಿಯುತ್ತಾ ಕಲಿತದ್ದನ್ನು ಪುನರಾವರ್ತನೆ ಎಂದಷ್ಟೇ ಪರಿಗಣಿಸಲಾಗುವುದು.

4. ಅಧ್ಯಾಯವೊಂದಕ್ಕೆ ಒಂದು ಆಕಳಿಕೆಗೆ ಅನುಮತಿ ಇದೆ. ಬಳಸದ ಆಕಳಿಕೆಯನ್ನು ಮುಂದಿನ ಅಧ್ಯಾಯಕ್ಕೆ ಒಯ್ಯುವಂತಿಲ್ಲ.

5. ತರಬೇತಿಗೆ ಹೋದವರ ತರಗತಿಯನ್ನು ನೋಡಿಕೊಳ್ಳುವವರು ‘ತರಗತಿ ನೋಡಿಕೊಳ್ಳುವ ತರಬೇತಿ’ ಪಡೆದಿರತಕ್ಕದ್ದು. ಅವರು ಅದನ್ನು ಪಡೆಯಲು ಹೋದಾಗ ಅವರ ತರಗತಿಯನ್ನು ಮೊದಲು ತರಬೇತಿಗೆ ಹೋದವರು ನೋಡಿಕೊಳ್ಳುವುದು. ಈ ವ್ಯವಸ್ಥೆಯಲ್ಲಿ ಯಾವ ಲೋಪವೂ ಕಂಡುಬಂದಿಲ್ಲ.

6. ಗಂಟೆಯಣ್ಣನವರ ಮೇಲೆ ಕ್ರಮ ಜರುಗಿಸುವ ಪ್ರಸ್ತಾವವನ್ನು ಪರಿಶೀಲಿಸಲಾಯಿತು. ಆದರೆ ಇಲಾಖೆಯ ವ್ಯಾಪ್ತಿಯಲ್ಲಿ ಐವತ್ತು ಗಂಟೆಗಳನ್ನೂ ಪೂರ್ತಿ ನೋಡಿದವರು ಅವರೊಬ್ಬರೇ ಆಗಿದ್ದು, ಅದನ್ನು ತಯಾರಿಸಿದವರೂ ಅಷ್ಟು ನೋಡಿಲ್ಲವೆಂದು ಖಚಿತವಾಗಿರುವುದರಿಂದ, ಅವರನ್ನು ಈ ಮೂಲಕ ತರಬೇತುದಾರರನ್ನಾಗಿ ನೇಮಿಸಲಾಗಿದೆ. ಗಂಟೆ ಹೊಡೆಯುವ ಮೂಲ ಕರ್ತವ್ಯಕ್ಕೆ ಇದರಿಂದ ಬಾಧಕವಿರುವುದಿಲ್ಲ. ಎರಡು ಅಂಕಗಳ ಬಗ್ಗೆ ಪ್ರತ್ಯೇಕವಾಗಿ ತಿಳಿಸಲಾಗುವುದು.

7. ಭಿನ್ನರಾಶಿ ಮೇಡಂ ಅವರ ಪ್ರಮಾಣಪತ್ರವನ್ನು ರದ್ದುಪಡಿಸಲಾಗಿದೆ. ಅವರು ಸದರಿ ತರಬೇತುದಾರರ ಬಳಿ ಐವತ್ತು ಗಂಟೆಗಳನ್ನು ಹೊಸದಾಗಿ ಪೂರೈಸತಕ್ಕದ್ದು. ಸ್ಥಳ, ಸಮಯ, ವಿಧಾನಗಳ ನಿರ್ಧಾರ ತರಬೇತುದಾರರಿಗೆ ಬಿಟ್ಟದ್ದು. ಈ ಬಗ್ಗೆ ಅವರನ್ನು ದೂರವಾಣಿಯಲ್ಲಿ ವಿಚಾರಿಸಲಾಗಿ, ‘ಮೇಡಂ ಅವರ ಪಾಡಿಗೆ ಏಳನೇ ಕ್ಲಾಸಲ್ಲಿ ಪಾಠ ಮಾಡ್ತಿರ್ಲಿ ಸಾರ್. ನಾನು ಬಾಗಿಲಲ್ಲಿ ನಿಂತು ನೋಡ್ತೀನಿ. ಐವತ್ತು ಗಂಟೆ ಆದ್ಮೇಲೆ ಹೊಡೀತೀನಿ’ ಎಂದು ತಿಳಿಸಿ, ಪೀರಿಯಡ್ಡು ಮುಗಿದಿದ್ದರಿಂದ ದೂರವಾಣಿ ಇಟ್ಟಿರುತ್ತಾರೆ. ಇದನ್ನು ಅನುಮೋದಿಸಲಾಗಿದೆ.

8. ದಿನಕ್ಕೆ ಎರಡು ಪೀರಿಯಡ್ಡಿನಂತೆ ಈ ತರಬೇತಿಯು ಏಳನೇ ತರಗತಿಯ ಪರೀಕ್ಷೆಯ ಮರುದಿನ ಮಧ್ಯಾಹ್ನ ಮುಗಿಯುತ್ತದೆ. ಅಲ್ಲಿಯವರೆಗೆ ಉಲ್ಲೇಖ (2)ರ ಪ್ರಕಾರ ಶಿಕ್ಷಕಿಯವರನ್ನು ಆ ತರಗತಿಯಿಂದ ಕದಲಿಸಲು ಇಲಾಖೆಗೂ ಅಧಿಕಾರವಿಲ್ಲ. ದಿನಗಳು ಹೀಗೆ ಕೂಡಿಬಂದಿರುವುದು ಕೇವಲ ಆಕಸ್ಮಿಕವೆಂದು ತರಬೇತುದಾರರು ಲಿಖಿತವಾಗಿ ಖಚಿತಪಡಿಸಿದ್ದಾರೆ.

9. ಹದಿನೇಳನೇ ಪ್ರಶ್ನೆಗೆ ಇನ್ನು ಮುಂದೆ ಅವರ ಉತ್ತರವನ್ನೇ ಸರಿಯುತ್ತರವೆಂದು ಪರಿಗಣಿಸತಕ್ಕದ್ದು.

ಸಹಿ/-
ಉಪನಿರ್ದೇಶಕರ ಪರವಾಗಿ
(ಉಪನಿರ್ದೇಶಕರು ಸದರಿ ತರಬೇತಿಯಲ್ಲಿದ್ದು, ಏಳನೇ ಬಾರಿಗೆ ‘ಸ್ವಾಗತ’ದ ಹಂತದಲ್ಲಿರುತ್ತಾರೆ)

ಪ್ರತಿಗಳು:

— ಮುಖ್ಯ ಶಿಕ್ಷಕರಿಗೆ, ಕೊಠಡಿಯಿಂದ ಕೊಠಡಿಗೆ ನಡೆಯುವಾಗ ಓದಿಕೊಳ್ಳಲು.

— ವಿಚಾರಣಾಧಿಕಾರಿಯವರಿಗೆ. ನಾಲ್ಕನೇ ತರಗತಿಯ ಮಕ್ಕಳು ಹದಿನಾಲ್ಕರ ಮಗ್ಗಿಗೆ ಯಾವಾಗ ಬರುತ್ತೀರೆಂದು ಕೇಳುತ್ತಿದ್ದಾರೆ.

— ಪುಸ್ತಕ ಗೋದಾಮಿಗೆ. ಎಣಿಸಲು ಯಾರೂ ಬರುತ್ತಿಲ್ಲ. ಪುಸ್ತಕಗಳು ಇದ್ದಷ್ಟೇ ಇರತಕ್ಕದ್ದು.

— ಏಳನೇ ತರಗತಿಯ ಗೋಡೆಗೆ, ಬೋರ್ಡಿನ ಮೇಲಿರುವ ಲೆಕ್ಕ ಇನ್ನೂ ಮುಗಿದಿಲ್ಲವಾದ್ದರಿಂದ ಅದನ್ನು ಅಳಿಸದೆ ಪಕ್ಕದಲ್ಲಿ ಅಂಟಿಸುವುದು.

— ಗಂಟೆಯಣ್ಣನವರಿಗೆ, ಬಿಡುವಾದ ದಿನ ಈ ಕಚೇರಿಗೂ ಬಂದು ಉಪನಿರ್ದೇಶಕರ ಗುಂಡಿ ಒತ್ತಿಕೊಡಬೇಕೆಂಬ ಕೋರಿಕೆಯೊಂದಿಗೆ.