ಒಂದು ತಾಳಿಗೆ ಎರಡು ಗಟ್ಟಿಮೇಳ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕುರುಗೋಡಿನ ಆ ಮದುವೆಯಲ್ಲಿ ಮದುಮಗಳು ಮಂಟಪಕ್ಕೆ ಬರುವ ಮೊದಲೇ ಗಟ್ಟಿಮೇಳ ಮೊಳಗಿ, ನಾನೂರು ಜನ ಅಕ್ಷತೆ ಹಾಕಿ, ಊಟಕ್ಕೆ ಹೋಗಿ ಕೂತದ್ದು ವಾಲಗದವರ ತಪ್ಪಲ್ಲ. ಪುರೋಹಿತರ ತಪ್ಪಲ್ಲ. ಅಡುಗೆಯವರ ತಪ್ಪಂತೂ ಅಲ್ಲವೇ ಅಲ್ಲ. ತಪ್ಪು ಒಂದು ಬಾಯಿಯದು. ಆ ಬಾಯಿ ನನ್ನ ಮುಖದ ಮೇಲೆಯೇ ಇದೆ.

ನನ್ನ ಪೂರ್ತಿ ಹೆಸರು ಎರ್ರಿಸ್ವಾಮಿ. ಮನೆಯವರು ಭಕ್ತಿಯಿಂದ ಇಟ್ಟ ಹೆಸರು. ಆಮೇಲೆ ನನ್ನ ನಡವಳಿಕೆ ನೋಡಿ ಸ್ವಾಮಿಯನ್ನು ಕೈಬಿಟ್ಟು ಎರ್ರಿಯನ್ನು ಮಾತ್ರ ಉಳಿಸಿಕೊಂಡರು. ತೆಲುಗಿನವರ ಕಿವಿಗೆ ಅದು ಹುಚ್ಚ ಎಂದಂತೆಯೇ ಕೇಳಿಸುತ್ತದೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಬಳ್ಳಾರಿಯ ಗಾಂಧಿನಗರದಲ್ಲಿ ವಲಿ ಮಾಮನ ಸ್ಟುಡಿಯೋ ಇದೆ. ಓಣಿಯವರಿಗೆಲ್ಲ ಅವನು ಮಾಮ, ನನಗೆ ಗುರು. ಆರು ವರ್ಷದಿಂದ ಅಲ್ಲಿ ಮದುವೆಯ ಫೋಟೋ ತೆಗೆಯುತ್ತಿದ್ದೇನೆ. ವಿಡಿಯೋ ಮಾಮನದು, ಫೋಟೋ ನನ್ನದು.

ದೇವರು ನನಗೆ ಕಣ್ಣು ಅಳೆದು ಕೊಟ್ಟ, ಗಂಟಲು ಸುರಿದು ಕೊಟ್ಟ. ಒಮ್ಮೆ ಕೇಳಿದ ದನಿ ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತದೆ. ಒಂದು ದಿನ ಬಸ್ ನಿಲ್ದಾಣದಲ್ಲಿ ಮೋಕದ ಬಸ್ಸಿನ ಕಂಡಕ್ಟರನ ದನಿಯಲ್ಲಿ “ಹಿಂದ ಸರೀರಿ, ಹಿಂದ ಜಾಗ ಐತಿ” ಎಂದೆ. ಬಸ್ಸೇ ಇಲ್ಲದ ಕಡೆ ಹನ್ನೆರಡು ಜನ ಹಿಂದೆ ಸರಿದರು.

ಈ ವಿದ್ಯೆ ಕಸುಬಿಗೂ ಒದಗುತ್ತದೆ. ಮದುವೆಮನೆಯಲ್ಲಿ ಬೀಗರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ಕಾಯುವವರಂತೆ ನಿಲ್ಲುತ್ತಾರೆ. ನಾನು ಅವರ ಮನೆಯ ಹಿರಿಯರೊಬ್ಬರ ದನಿಯಲ್ಲಿ “ಏನ್ಲೇ, ನಿಂದು ಉಣ್ಣಾದು ಆತೇನು?” ಎನ್ನುತ್ತೇನೆ. ಎಲ್ಲರೂ ನಗುತ್ತಾರೆ. ಕ್ಲಿಕ್.

ವಲಿ ಮಾಮನಿಗೆ ಇದು ಹಿಡಿಸುತ್ತಿರಲಿಲ್ಲ. “ಬೇಟಾ, ಕ್ಯಾಮೆರಾದವಂಗ ಕಣ್ಣು ಬೇಕು, ಕೈ ಬೇಕು. ಬಾಯಿ ಮನ್ಯಾಗ ಇಟ್ಟು ಬಾ” ಎನ್ನುತ್ತಿದ್ದ. ನಾನು ಅದೇ ಮಾತನ್ನು ಅವನದೇ ದನಿಯಲ್ಲಿ ಅವನಿಗೆ ತಿರುಗಿ ಹೇಳುತ್ತಿದ್ದೆ. ಆಗ ಅವನು ಬಿಡುವ ನಿಟ್ಟುಸಿರನ್ನು ಮಾತ್ರ ಅನುಕರಿಸಲು ನನ್ನಿಂದ ಈವರೆಗೂ ಆಗಿಲ್ಲ.

ಇಂಥ ನನ್ನನ್ನು ಸಿರುಗುಪ್ಪದ ಹುಲಿಗೆಮ್ಮಜ್ಜಿ ಮೆಚ್ಚಿದರು. ಯಾರದೋ ಸೀಮಂತದಲ್ಲಿ ನನ್ನ ಆಟ ನೋಡಿ ಬಾಯೊಳಗಿನ ಎಲೆಅಡಿಕೆ ಸೆರಗಿನ ಮೇಲೆ ಬೀಳುವಷ್ಟು ನಕ್ಕಿದ್ದರು. ಮೊಮ್ಮಗಳು ಪದ್ಮಳ ಮದುವೆ ಗೊತ್ತಾದಾಗ “ಆ ಬಾಯಿಬಡಕ ಹುಡುಗನ್ನ ಕರೀರಿ” ಎಂದು ಹಟ ಹಿಡಿದರಂತೆ. ಮಾತಾಡಿಕೊಂಡು ಬರಲು ನಾನು ಸಿರುಗುಪ್ಪಕ್ಕೆ ಹೋದೆ.

ಮನೆಯ ಮೇಲೆ ಹೊಸದಾಗಿ ಮಹಡಿ ಏಳುತ್ತಿತ್ತು. ಬಾಗಿಲ ಮುಂದಿನ ಉಸುಕಿನ ಗುಡ್ಡೆ ದಾಟಿ ಒಳಗೆ ಹೋದರೆ ಅಜ್ಜಿ ನೀರು ಕೊಡುವ ಮೊದಲು ಗೋಡೆ ತೋರಿಸಿದರು. ಅಲ್ಲೊಂದು ಹಳೆಯ ಫೋಟೋ. ಚೌಕಟ್ಟಿನ ತುಂಬ ಯಾರದೋ ಬೆನ್ನು, ಆ ಬೆನ್ನಿನ ಮೇಲೊಂದು ದೊಡ್ಡ ರುಮಾಲು.

“ಇದು ನನ್ನ ಮದಿವಿ” ಎಂದರು.

“ಇದರಾಗ ನೀವೆಲ್ಲಿ ಅದೀರಿ ಅಜ್ಜಿ?”

“ರುಮಾಲಿನ ಹಿಂದ. ತಾಳಿ ಕಟ್ಟಾ ಹೊತ್ತಿಗಿ ನಮ್ಮ ಸ್ವಾದರಮಾವ ಎದ್ದು ನಿಂತುಬಿಟ್ಟ. ತೆಗೆದಿದ್ದು ಅದೊಂದ ಫೋಟೋ.”

ಅದರ ಪಕ್ಕ ಮಗಳ ಮದುವೆಯವು ಎರಡು. ಒಂದರಲ್ಲಿ ಅಳಿಯ ತಾಳಿ ಹಿಡಿದು ನಿಂತಿದ್ದಾನೆ. ಇನ್ನೊಂದರಲ್ಲಿ ತಾಳಿ ಮಗಳ ಕೊರಳಲ್ಲಿದೆ.

“ನಡುವಿಂದು?”

“ನಡುವ ಫೋಟೋದವ ರೀಲು ಬದಲಿ ಮಾಡಾಕತ್ತಿದ್ದ.”

ಅದರ ಪಕ್ಕ ಫೋಟೋ ಇರಲಿಲ್ಲ. ಹೊಸ ಮೊಳೆ ಇತ್ತು.

“ಅದು ಪದ್ಮಾಂದು” ಎಂದರು ಅಜ್ಜಿ. “ಉಳಿದಿದ್ದು ನೀನು ಏನರ ತಕ್ಕ, ನಾ ಕೇಳಲ್ಲ. ನಂಗ ಒಂದ ಫೋಟೋ ಸಾಕು. ತಾಳಿ ಕಟ್ಟಾದೂ ಕಾಣಬೇಕು, ಮ್ಯಾಲಿಂದ ಅಕ್ಕಿ ಬೀಳಾದೂ ಕಾಣಬೇಕು. ನನ್ನ ಕಣ್ಣು ಮಂಜಾಗೋದ್ರಾಗ ಒಂದು ತಾಳಿನಾದ್ರೂ ನೆಟ್ಟಗ ನೋಡ್ತೀನಪ್ಪ. ಮೊಳಿ ಹೊಡೆಸೀನಿ, ನೋಡು.”

ಮೊಳೆ ಹೊಡೆದಾದ ಮೇಲೆ ಹಿಂದೆ ಸರಿಯುವ ವಂಶ ನಮ್ಮದಲ್ಲ. ಆ ಮೊಳೆಯ ಸಾಕ್ಷಿಯಾಗಿ ಪ್ರತಿಜ್ಞೆ ಮಾಡಿದೆ. ಆಕಾಶ ಬಿದ್ದರೂ ಅದು ತಾಳಿಯ ಹಿಂದೆ ಬೀಳಬೇಕು, ಮುಂದೆ ಬೀಳಕೂಡದು.

ಮದುವೆಯ ದಿನ ಕುರುಗೋಡಿನ ಕಲ್ಯಾಣ ಮಂಟಪಕ್ಕೆ ಎಲ್ಲರಿಗಿಂತ ಮೊದಲು ಹೋದೆ. ಬ್ಯಾಟರಿ ನಾಲ್ಕು, ಮೆಮೊರಿ ಕಾರ್ಡು ಮೂರು. ಹತ್ತಿ ನಿಲ್ಲಲು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೊಂದಾಗಿ ತುಳಿದು ನೋಡಿ ಗಟ್ಟಿಯಾದದ್ದನ್ನು ಆರಿಸಿದೆ. ರುಮಾಲು ಸುತ್ತಿದ ಹಿರಿಯರನ್ನೆಲ್ಲ ಗುರುತಿಸಿ, ಕೈಮುಗಿದು, ಫ್ಯಾನಿನ ಗಾಳಿಯ ಆಸೆ ತೋರಿಸಿ ನಾಲ್ಕನೇ ಸಾಲಿಗೆ ಸಾಗಿಸಿದೆ. ರೀಲಿನ ಕಾಟವಂತೂ ಈಗಿಲ್ಲ. ಚರಿತ್ರೆಯ ಎರಡೂ ತಪ್ಪುಗಳನ್ನು ತಿದ್ದಿ ಬೆವರು ಒರೆಸಿಕೊಂಡೆ. ಮೂರನೆಯದು ನನ್ನ ಹೆಸರಿಗೆ ಖಾಲಿ ಇದೆ ಎಂದು ನನಗೇನು ಗೊತ್ತು?

ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಸಭೆಗೆ ಅಕ್ಷತೆ ಮಾತ್ರ ಆಗಲೇ ಹಂಚಿ ಆಗಿತ್ತು. ಪದ್ಮ ಕೋಣೆಯಲ್ಲಿ ಸೀರೆಯ ನೆರಿಗೆ ಹಿಡಿಸಿಕೊಳ್ಳುತ್ತಿದ್ದಳು. ಮಂಟಪದಲ್ಲಿ ಮದುಮಗ ಒಬ್ಬನೇ ಬಾಸಿಂಗ ಕಟ್ಟಿಕೊಂಡು ಕೂತಿದ್ದ. ಪುರೋಹಿತರು ಫೋನು ಬಂತೆಂದು ಹೊರಗೆ ಹೋಗಿದ್ದರು. ಹೋಗುವಾಗ ತಮ್ಮ ಮೈಕನ್ನು ಹೂವಿನ ತಟ್ಟೆಯ ಮೇಲೆ ಇಟ್ಟಿದ್ದರು. ಆರಿಸಿರಲಿಲ್ಲ.

ನನಗೆ ಒಂದೇ ಅನುಮಾನ ಉಳಿದಿತ್ತು. ಅಕ್ಕಿ ಗಾಳಿಯಲ್ಲಿ ಇರುವುದು ಒಂದೇ ಗಳಿಗೆ. ಆ ಗಳಿಗೆಗೆ ಬೆಳಕು ಸರಿಯಿದೆಯೋ ಇಲ್ಲವೋ ಮೊದಲೇ ನೋಡಬೇಡವೇ? ಮಂಟಪದ ಹತ್ತಿರ ನಿಂತಿದ್ದ ಇಬ್ಬರು ಹುಡುಗಿಯರನ್ನು ಕರೆದು, “ತಂಗೀ, ನಾ ಹೇಳಿದಾಗ ಎರಡ ಕಾಳು ಮ್ಯಾಲ ಒಗೀರಿ” ಎಂದೆ.

“ಏನಂತ ಹೇಳ್ತೀರಿ ಅಣ್ಣಾ?”

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಒಂದು, ಎರಡು, ಮೂರು ಎನ್ನುತ್ತಿದ್ದರು. ನಾನು ಬೆಳಿಗ್ಗೆಯಿಂದ ಪುರೋಹಿತರ ದನಿಯನ್ನು ಸವಿಯುತ್ತಿದ್ದೆ. ಮೂಗಿನಲ್ಲಿ ಹುಟ್ಟಿ, ಗಂಟಲಲ್ಲಿ ಒಮ್ಮೆ ನಡುಗಿ, ಕೊನೆಯ ‘ಅಂ’ನಲ್ಲಿ ಗಂಟೆಯಂತೆ ನಿಲ್ಲುವ ದನಿ. ನಾಲಿಗೆ ತುರಿಸಿತು. ಹೂವಿನ ತಟ್ಟೆಯ ಪಕ್ಕದಲ್ಲೇ ಬಗ್ಗಿ ನಿಂತು ಹೇಳಿದೆ.

“ಗಟ್ಟಿಮೇಳಂ... ಗಟ್ಟಿಮೇಳಂ!”

ಧ್ವನಿವರ್ಧಕ ನಾಲ್ಕೂ ಮೂಲೆಯಲ್ಲಿ ಅದನ್ನು ಹೇಳಿತು.

ವಾಲಗದವರು ಕೂರುವುದು ಕಂಬದ ಮರೆಯಲ್ಲಿ. ಅವರು ಕಿವಿಯ ನಂಬಿಕೆಯ ಮೇಲೆ ಬದುಕುವವರು. ಡೋಲು ಸಿಡಿಯಿತು, ಶಹನಾಯಿ ಮುಗಿಲು ಮುಟ್ಟಿತು. ಇಡೀ ಸಭೆ ಎದ್ದು ನಿಂತಿತು. ನೀವು ಕೇಳಬಹುದು, ಮದುಮಗಳೇ ಇಲ್ಲದ್ದು ಒಬ್ಬರಿಗೂ ಕಾಣಲಿಲ್ಲವೇ ಎಂದು. ಕಾಣುವುದು ಹೇಗೆ? ಮಂಟಪದ ಮುಂದೆ ನಾನಿದ್ದೆ, ವಲಿ ಮಾಮ ಇದ್ದ, ಅವನ ದೀಪದ ಕಂಬಗಳಿದ್ದವು. ನಮ್ಮ ಕಾಲದಲ್ಲಿ ಮದುವೆಗೆ ಬಂದವರು ನೋಡಿ ಹರಸುವುದು ಫೋಟೋದವರ ಬೆನ್ನನ್ನು. ನಾನೂರು ಜನ ನಮ್ಮ ಬೆನ್ನಿಗೆ ಭಕ್ತಿಯಿಂದ ಅಕ್ಷತೆ ಹಾಕಿ, ಕೈ ಕೊಡವಿಕೊಂಡು, ಊಟದ ಹಾಲಿನ ಕಡೆ ಓಡಿದರು.

ಮದುಮಗ ಗಾಬರಿಯಿಂದ ತಾಳಿಯನ್ನು ಕೈಗೆ ತೆಗೆದುಕೊಂಡು ಎದ್ದಿದ್ದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕೊನೆಗೆ ನನ್ನನ್ನು ನೋಡಿದ.

“ಅಣ್ಣಾ, ಯಾರಿಗಿ ಕಟ್ಲಿ?”

ಕೋಣೆಯಿಂದ ಪದ್ಮಳ ದನಿ ಬಂತು. “ಯವ್ವಾ, ನಾನಿಲ್ಲದಂಗ ನನ್ನ ಮದಿವಿ ಆತೇನು?”

ಪುರೋಹಿತರು ಫೋನು ಕಿವಿಗೆ ಹಿಡಿದುಕೊಂಡೇ ಓಡಿ ಬಂದರು. “ನಾನು ಹೊರಗ ಅದೀನಿ, ಒಳಗ ನನ್ನ ದನಿ ಐತಿ. ಇದೇನು ಕಲಿಗಾಲ?” ಎಂದರು. ವಲಿ ಮಾಮ ಬೆರಳು ಎತ್ತಿ ನನ್ನ ಬಾಯನ್ನು ತೋರಿಸಿದ. ಆಮೇಲೆ ಆ ನಿಟ್ಟುಸಿರು.

ಖಾಲಿ ಕುರ್ಚಿಗಳ ನಡುವೆ ಹುಲಿಗೆಮ್ಮಜ್ಜಿ ಒಬ್ಬರೇ ಕೂತಿದ್ದರು. ಬೈಯಲಿಲ್ಲ. “ಮೊಳಿ ಹೊಡೆಸೀನಪ್ಪ” ಎಂದರು. ಅಷ್ಟೇ.

ನಾನು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟೆ. ಮುಹೂರ್ತಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ಜನ ಬೇಕು, ಅಕ್ಕಿ ಬೇಕು. ಎರಡನ್ನೂ ತಂದೇ ತರುತ್ತೇನೆ!

ಊಟದ ಹಾಲಿನಲ್ಲಿ ಎಲೆ ಹಾಕಿ, ಹೋಳಿಗೆ ಬಡಿಸಿ, ತುಪ್ಪ ಬರುತ್ತಿತ್ತು. “ತಾಳಿ ಇನ್ನ ಕಟ್ಟಿಲ್ರಿ, ಒಂದೀಟು ಎದ್ದು ಬರ್ರಿ” ಎಂದು ಬೇಡಿಕೊಂಡೆ. ತುಪ್ಪ ಬೀಳುವ ಹೊತ್ತಿನಲ್ಲಿ ಫೋಟೋದವನ ಮಾತು ಯಾರಿಗೆ ಬೇಕು? ಕೇಳುವುದಾದರೆ ಮದುಮಗಳ ಅಪ್ಪನ ಮಾತು ಕೇಳುತ್ತಾರೆ. ಮದುಮಗಳ ಅಪ್ಪ ದೊಡ್ಡಬಸಪ್ಪನವರ ದನಿ ನನ್ನ ಗಂಟಲಲ್ಲಿ ಸಿದ್ಧವಾಗಿಯೇ ಇತ್ತು. ಕಲಿತ ಪಾಠ ಅರ್ಧ ಗಳಿಗೆಯೂ ತಲೆಯಲ್ಲಿ ನಿಲ್ಲದವನು ನಾನು. ಗದ್ಗದವನ್ನೂ ಸ್ವಲ್ಪ ಬೆರೆಸಿ ಹೇಳಿದೆ.

“ಎಲ್ಲಾರೂ ಏಳ್ರಪ್ಪ, ತಾಳಿ ಕಟ್ಟಿಲ್ಲ.”

ಆ ಗದ್ಗದ ಹೆಚ್ಚಾಯಿತು. ಮೊದಲ ಸಾಲಿನವರು “ತಾಳಿ ಕಟ್ಟಿಲ್ಲಂತ” ಎಂದರು. ಎರಡನೇ ಸಾಲಿನಲ್ಲಿ ಅದು “ಹುಡುಗ ಕಟ್ಟಲ್ಲ ಅಂದನಂತ” ಎಂದಾಯಿತು. ಸುದ್ದಿ ಕೈ ತೊಳೆಯುವ ನಲ್ಲಿಯನ್ನು ಮುಟ್ಟುವಷ್ಟರಲ್ಲಿ ಹುಡುಗ ಬಳ್ಳಾರಿ ಬಸ್ಸು ಹತ್ತಿಬಿಟ್ಟಿದ್ದ. ಮದುವೆ ನೋಡಲು ಒಬ್ಬರೂ ಏಳದವರು, ಮದುವೆ ಮುರಿದಿದೆ ಎಂದ ಕೂಡಲೇ ಹೋಳಿಗೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಓಡಿದರು. ಎರಡೇ ನಿಮಿಷದಲ್ಲಿ ಮಂಟಪ ಕಿಕ್ಕಿರಿಯಿತು.

ನಾನು ಹೆಮ್ಮೆಯಿಂದ ತಿರುಗಿದೆ. ಬೆನ್ನ ಹಿಂದೆ ದೊಡ್ಡಬಸಪ್ಪನವರು ಬದನೆಕಾಯಿ ಪಲ್ಯದ ಸೌಟು ಹಿಡಿದು ನಿಂತಿದ್ದರು.

“ಮುಗೀಲಿ ತಡಿ” ಎಂದರು ತಮ್ಮ ಸ್ವಂತ ದನಿಯಲ್ಲಿ. ಆ ದನಿಯ ಮುಂದೆ ನನ್ನದು ನಕಲಿಯೇ.

ಇನ್ನು ಅಕ್ಕಿ. ಅಕ್ಷತೆಯ ಒಂದು ಕಾಳೂ ಉಳಿದಿರಲಿಲ್ಲ. ಅಡುಗೆಮನೆಗೆ ನುಗ್ಗಿದೆ.

“ಅಕ್ಕಿ ಎಲ್ಲಾ ಬೆಂದೈತಿ” ಎಂದ ಅಡುಗೆಯವನು. “ಚಿತ್ರಾನ್ನ ಐತಿ. ಅರಿಶಿಣ ಮೊದಲ ಹಾಕೇವಿ. ಒಗಿತಾರೇನು ಕೇಳು.”

ಕೊನೆಗೆ ಹುಲಿಗೆಮ್ಮಜ್ಜಿಯೇ ಮದುಮಗಳ ಉಡಿ ತುಂಬಲು ಸಿರುಗುಪ್ಪದಿಂದ ತಂದಿದ್ದ ಅಕ್ಕಿಯ ಚೀಲ ಬಿಚ್ಚಿದರು. “ಉಡಿಗಿ ಐದು ಹಿಡಿ ಬಿಟ್ಟು ಉಳಿದಿದ್ದು ತಕ್ಕ. ನೀರು ಕಡಿಮಿ ಹಾಕು” ಎಂದರು. ಮೊದಲನೆಯ ಮಾತು ಕೇಳಿಸಿಕೊಂಡೆ. ಅಕ್ಕಿಗೆ ಅರಿಶಿಣ ಸುರಿದು, ಅವಸರಕ್ಕೆ ಒಂದು ಚೊಂಬು ನೀರು ಹೊಯ್ದೆ. ಅಕ್ಷತೆ ಕಾಳುಕಾಳಾಗುವ ಬದಲು ಉಂಡೆಉಂಡೆಯಾಯಿತು. ಜನರಿಗೆ ಆ ಉಂಡೆಗಳನ್ನೇ ಹಂಚಿ ಬಂದು ಕುರ್ಚಿ ಹತ್ತಿದೆ.

ಮುಹೂರ್ತ ಬಂತು. ಪದ್ಮ ತಲೆ ತಗ್ಗಿಸಿ ಕೂತಳು. ಮದುಮಗ ತಾಳಿ ಹಿಡಿದು ಎದ್ದ. ಅಡ್ಡ ರುಮಾಲಿಲ್ಲ, ಬೆಳಕು ಸರಿಯಿದೆ, ಬೆರಳು ಗುಂಡಿಯ ಮೇಲಿದೆ. ಪುರೋಹಿತರು ಮೂಗು ಏರಿಸಿ ತಮ್ಮ ನಿಜವಾದ ದನಿಯಲ್ಲಿ ಕೂಗಿದರು.

“ಗಟ್ಟಿಮೇಳಂ... ಗಟ್ಟಿಮೇಳಂ!”

ಏನೂ ಆಗಲಿಲ್ಲ.

ಡೋಲು ಬಡಿಯಲಿಲ್ಲ. ಒಂದು ಕಾಳೂ ಬೀಳಲಿಲ್ಲ. ಇಡೀ ಸಭೆ ಅಕ್ಕಿ ಹಿಡಿದ ಕೈಯನ್ನು ಎತ್ತದೆ, ಕತ್ತು ತಿರುಗಿಸಿ ನನ್ನನ್ನು ನೋಡಿತು. ಕಂಬದ ಮರೆಯಿಂದ ವಾಲಗದ ಯಜಮಾನ ಇಣುಕಿ ಬೆರಳಾಡಿಸಿದ. “ಒಂದ್ಸಲ ಮೋಸ ಹೋದ್ವಿ ಬಾಬು. ಇಂಕ ಚಾಲು, ಇನ್ನ ಸಾಕು.”

“ನಾನೇ ಕೂಗಿದ್ದು, ಅವನಲ್ಲ!” ಎಂದರು ಪುರೋಹಿತರು, ನನ್ನತ್ತ ಬೆರಳು ಚಾಚಿ. ಅದೂ ನನ್ನದೇ ಆಟ ಎಂದುಕೊಂಡು ನಾಲ್ಕು ಜನ ನಕ್ಕರು. ಮದುಮಗ ತಾಳಿಯ ದಾರವನ್ನು ಪದ್ಮಳ ಕೊರಳ ಸುತ್ತ ತಂದು ಅಲ್ಲೇ ನಿಲ್ಲಿಸಿದ.

“ಅಣ್ಣಾ, ಈ ಸಲ ಖರೇನಾ?”

ಹುಟ್ಟಿದಾಗಿನಿಂದ ಮೊದಲ ಬಾರಿಗೆ ನಾನು ಬಾಯಿ ಮುಚ್ಚಿಕೊಂಡು, ಹೌದೆಂದು ತಲೆಯಾಡಿಸಿದೆ. ಅವನು ನನ್ನನ್ನೇ ನೋಡುತ್ತ ಗಂಟು ಹಾಕಿದ. ಆ ಮೌನದಲ್ಲಿ ಕೇಳಿಸಿದ್ದು ನನ್ನ ಕ್ಯಾಮೆರಾದ ಚಟಚಟ ಒಂದೇ.

ಆಗ ಹುಲಿಗೆಮ್ಮಜ್ಜಿ ಎದ್ದರು. “ಕಟ್ಯಾನ್ರೋ! ಒಗೀರೋ” ಎಂದು ತಮ್ಮ ಕೈಯ ಉಂಡೆಯನ್ನು ಬೀಸಿದರು. ಮಂಟಪದ ಕಡೆಗಲ್ಲ. ಜನರಿಗೆ ದಾರಿ ಸಿಕ್ಕಿತು. ನಾನೂರು ಕೈಗಳ ಹಸಿ ಅರಿಶಿಣದ ಅಕ್ಕಿ ಕುರ್ಚಿಯ ಮೇಲಿದ್ದ ನನ್ನತ್ತ ಬಂತು. “ಅಯ್ಯೋ” ಎನ್ನಲು ಬಾಯಿ ತೆರೆದೆ. ಒಂದು ಉಂಡೆ ಅಲ್ಲೇ ಒಳಗೆ ಹೋಯಿತು. ವಾಲಗ ಆಗ ಮೊಳಗಿತು. ವಲಿ ಮಾಮ ವಿಡಿಯೋ ಬಿಟ್ಟು ಸಣ್ಣ ಕ್ಯಾಮೆರಾ ಎತ್ತಿ ನನ್ನ ಒಂದು ಫೋಟೋ ತೆಗೆದ. ಅವನಿಗೆ ಕಣ್ಣೂ ಇದೆ, ಕೈಯೂ ಇದೆ.

ಸೋಲು ಒಪ್ಪಿದೆನೇ? ಮುಖ ಒರೆಸಿಕೊಂಡು ಪುರೋಹಿತರ ಹತ್ತಿರ ಹೋದೆ. “ಸ್ವಾಮಿ, ಇನ್ನೊಂದ್ಸಲ ತಾಳಿ ಕಟ್ಟಿಸಿದ್ರ...”

“ಒಂದು ತಾಳಿಗಿ ಎರಡು ಗಟ್ಟಿಮೇಳ ಆಗ್ಯಾವು” ಎಂದರು. “ಮೂರನೇದಕ್ಕ ನಿನ್ನ ಮದಿವ್ಯಾಗ ಬರ್ತೀನಿ. ಹುಡುಗಿ ಸಿಕ್ರ.”

ಹದಿನೈದು ದಿನದ ಮೇಲೆ ಆಲ್ಬಮ್ ಹಿಡಿದು ಸಿರುಗುಪ್ಪಕ್ಕೆ ಹೋದೆ. ಬೇರೆ ಯಾರಾದರೂ ಆಗಿದ್ದರೆ ಬಸ್ಸಿನಲ್ಲಿ ಕಳಿಸುತ್ತಿದ್ದರು. ನಾನು ಎದುರಿಸಲು ಹೋದೆ. ಅಜ್ಜಿ ಕನ್ನಡಕ ಹಾಕಿಕೊಂಡು ತಾಳಿಯ ಫೋಟೋವನ್ನು ಬಹಳ ಹೊತ್ತು ನೋಡಿದರು. ತಾಳಿ ಹಗಲಿನಷ್ಟು ಸ್ಪಷ್ಟ. ಗಂಟು ಹಾಕುವ ಬೆರಳುಗಳೂ ಸ್ಪಷ್ಟ. ಮದುಮಗ, ಮದುಮಗಳು, ಪುರೋಹಿತರು, ಬೀಗರು ಎಲ್ಲರೂ ಕಳ್ಳನನ್ನು ಹಿಡಿದವರಂತೆ ನೇರವಾಗಿ ಕ್ಯಾಮೆರಾವನ್ನು ನೋಡುತ್ತಿದ್ದಾರೆ. ಅಕ್ಕಿ ಮಾತ್ರ ಒಂದು ಕಾಳೂ ಇಲ್ಲ.

“ಅಜ್ಜಿ, ಕಂಪ್ಯೂಟರ್‌ನಾಗ ಅಕ್ಕಿ ಬೀಳಂಗ ಮಾಡಿ ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಬ್ಯಾಡ. ಸುಳ್ಳು ದನಿ ಕೇಳಿದ್ದು ಸಾಕು, ಸುಳ್ಳು ಅಕ್ಕಿ ಯಾಕ” ಎನ್ನುತ್ತ ಅಜ್ಜಿ ಹಾಳೆ ತಿರುಗಿಸಿದರು. ವಲಿ ಮಾಮ ಕೊನೆಯ ಹಾಳೆಗೆ ತನ್ನ ಫೋಟೋ ಸೇರಿಸಿದ್ದು ನನಗೆ ಗೊತ್ತಾದದ್ದು ಆಗಲೇ. ಕುರ್ಚಿಯ ಮೇಲೆ ನಾನು. ಕಣ್ಣು ಹೊರಗೆ, ಬಾಯಿ ಬಾವಿಯಷ್ಟು ಅಗಲ, ಹಲ್ಲಿಗೆಲ್ಲ ಅರಿಶಿಣ. ಮೇಲಿನಿಂದ ಅಕ್ಕಿ ಎಷ್ಟು ಚೆಂದ ಬೀಳುತ್ತಿದೆ ಎಂದರೆ, ಕಸುಬುದಾರನಾಗಿ ನನಗೇ ಹೊಟ್ಟೆಕಿಚ್ಚಾಯಿತು.

ಅಜ್ಜಿ ಎರಡೂ ಫೋಟೋ ಬಿಡಿಸಿಕೊಂಡರು. ತಾಳಿಯದನ್ನು ಗೋಡೆಯ ಮೊಳೆಯ ಕೆಳಗೆ ಹಿಡಿದು ನೋಡಿ, ಸರಿಯಾಗಿದೆ ಎಂಬಂತೆ ತಲೆಯಾಡಿಸಿದರು.

“ಮತ್ತ ಅದು ಯಾಕಜ್ಜಿ?” ಎಂದೆ, ನನ್ನ ಫೋಟೋ ತೋರಿಸಿ.

ಅಜ್ಜಿ ಅದನ್ನು ದೂರ ಹಿಡಿದು, ಬಾಗಿಲಾಚೆಯ ಉಸುಕಿನ ಗುಡ್ಡೆಯತ್ತ ಒಮ್ಮೆ, ಮೇಲೇಳುತ್ತಿದ್ದ ಮಹಡಿಯತ್ತ ಒಮ್ಮೆ ನೋಡಿ ಹೇಳಿದರು:

“ಇದನ್ನ ಹೊರಗ ಕಟ್ಟಸ್ತೀನಿ ತಮ್ಮಾ. ಮನಿಗಿ ದೃಷ್ಟಿ ಬೊಂಬಿ ಇನ್ನ ತಂದಿದ್ದಿಲ್ಲ.”